ಇಪ್ಪತ್ತು ನಿಮಿಷದ ಮಳೆಗೆ ಮಲಗಿದ ಬಾಳೆ ತೋಟ: ಮೊದಲೇ ಗೊತ್ತಾಗಲಿಲ್ಲ ಯಾಕೆ?

ಓದುಗರ ಪ್ರಶ್ನೆ:

“ಸರ್, ನಮ್ಮದು ಹಿರಿಯೂರು ತಾಲ್ಲೂಕಿನ ಸಣ್ಣ ಊರು. ಎರಡು ಎಕರೆ ಏಲಕ್ಕಿ ಬಾಳೆ ಹಾಕಿದ್ದೆವು. ಗೊನೆ ಬಲಿಯಲು ಇನ್ನೊಂದು ತಿಂಗಳಿತ್ತು. ಭರಣಿ ಮಳೆ ಬರಲಿ ಅಂತ ಕಾಯ್ತಾ ಇದ್ದೆವು. ಸಂಜೆ ನಾಲ್ಕೂವರೆಗೆ ಮೋಡ ಕಟ್ಟಿತು. ಒಂದು ಎಲೆಯೂ ಅಲ್ಲಾಡದ ಹಾಗೆ ಗಾಳಿ ನಿಂತಿತು. ಆಮೇಲೆ ಒಮ್ಮೆಲೇ ತಣ್ಣನೆ ಗಾಳಿ ನುಗ್ಗಿತು. ಇಪ್ಪತ್ತು ನಿಮಿಷದಲ್ಲಿ ಮುಕ್ಕಾಲು ತೋಟ ಮಲಗಿತು, ಗಿಡಗಳೆಲ್ಲ ಒಂದೇ ದಿಕ್ಕಿಗೆ. ಪಕ್ಕದ ಹೊಲದಲ್ಲಿ ಹುಣಸೆ ಮರಕ್ಕೆ ಕಟ್ಟಿದ್ದ ಎರಡು ಹಸು ಸಿಡಿಲಿಗೆ ಸತ್ತವು. ಎರಡು ಮೈಲಿ ಆಚೆ ನನ್ನ ತಂಗಿಯ ಊರಲ್ಲಿ ಒಂದು ಹನಿಯೂ ಬಿದ್ದಿಲ್ಲ. ಬೆಳಗ್ಗೆ ಟಿವಿಯಲ್ಲಿ ‘ಒಳನಾಡಿನ ಒಂದೆರಡು ಕಡೆ ಗುಡುಗು ಮಳೆ’ ಅಂದಿದ್ದರು, ಅಷ್ಟೇ. ಇದು ಸುಂಟರಗಾಳಿಯಾ? ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಮೋಡ ಓಡಿಸೋದರಿಂದ ಹೀಗಾಗುತ್ತೆ ಅಂತ ಊರಲ್ಲಿ ಹೇಳ್ತಾರೆ. ಮೊಬೈಲು ಸಿಡಿಲನ್ನು ಎಳೆಯುತ್ತೆ ಅಂತಾರೆ. ಗುಡುಗಿದರೆ ನಮ್ಮತ್ತೆ ಅಂಗಳಕ್ಕೆ ಕುಡುಗೋಲು ಎಸೀತಾರೆ. ಮೋಡ ಬಂದ ಕೂಡಲೇ ನನ್ನ ಮಗ ಮೋಟರ್ ಆಫ್ ಮಾಡಲು ತೋಟಕ್ಕೆ ಓಡ್ತಾನೆ. ನನಗೆ ಅದೇ ಭಯ. ಮುಂದಿನ ವರ್ಷ ಇದು ಮೊದಲೇ ಗೊತ್ತಾಗುವ ದಾರಿ ಇದೆಯಾ? ತೋಟಕ್ಕೆ ಸಿಡಿಲು ಕಂಬ ಹಾಕಿಸಬೇಕಾ?”

ಉತ್ತರ:

ಎದೆಯೆತ್ತರ ಬೆಳೆಸಿದ್ದು ಕಣ್ಣೆದುರೇ ಮಲಗಿದಾಗ ಆಗುವ ಸಂಕಟ ದೊಡ್ಡದು ತಾಯಿ. ಹಾಗಿದ್ದೂ ನೀವು ಅಷ್ಟು ಗಮನವಿಟ್ಟು ಬರೆದಿದ್ದೀರಿ. ಗಾಳಿ ನಿಂತದ್ದು, ಆಮೇಲೆ ತಣ್ಣನೆ ಗಾಳಿ ನುಗ್ಗಿದ್ದು, ಗಿಡಗಳು ಒಂದೇ ದಿಕ್ಕಿಗೆ ಬಿದ್ದದ್ದು. ಹವಾಮಾನ ಕಚೇರಿಯಲ್ಲಿ ಕೂತು ಮುನ್ಸೂಚನೆ ಬರೆಯುತ್ತಿದ್ದ ವರ್ಷಗಳಲ್ಲಿ ನಾನು ಹುಡುಕುತ್ತಿದ್ದದ್ದು ಇಂಥ ವಿವರಗಳನ್ನೇ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ.

ಮೊದಲು ಸುಂಟರಗಾಳಿಯ ಮಾತು. ಸುಂಟರಗಾಳಿ ಆಗಿದ್ದರೆ ಗಿಡಗಳು ತಿರುಚಿಕೊಂಡು ದಿಕ್ಕಾಪಾಲಾಗಿ ಬೀಳುತ್ತಿದ್ದವು. ಹಾನಿ ಒಂದು ಕಿರಿದಾದ ಪಟ್ಟಿಯಲ್ಲಿ ಇರುತ್ತಿತ್ತು. ನಿಮ್ಮ ತೋಟ ಬಾಚಣಿಗೆಯಲ್ಲಿ ಬಾಚಿದ ಹಾಗೆ ಒಂದೇ ಕಡೆ ಮಲಗಿದೆ. ಅಂದರೆ ಅದು ಮೋಡದಿಂದ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಪಕ್ಕಕ್ಕೆ ಹರಡಿದ ನೇರ ಗಾಳಿ. ಇದು ಚಂಡಮಾರುತವೂ ಅಲ್ಲ. ಚಂಡಮಾರುತ ಸಮುದ್ರದ ಮೇಲೆ ಹುಟ್ಟಿ ದಿನಗಟ್ಟಲೆ ಸಾಗುತ್ತದೆ. ಅದು ಬರುವುದು ಮೂರು ನಾಲ್ಕು ದಿನ ಮೊದಲೇ ತಿಳಿಯುತ್ತದೆ. ನಿಮ್ಮ ಮೇಲೆ ಬಂದದ್ದು ಬಹುಶಃ ಅದೇ ಮಧ್ಯಾಹ್ನ ಹುಟ್ಟಿ, ಕತ್ತಲಾಗುವ ಮೊದಲೇ ಕರಗಿಹೋದ ಮೋಡ.

ಅದು ಹೇಗೆ ಹುಟ್ಟಿತು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಗೊತ್ತಿದ್ದರೆ ಉಳಿದ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಒಳನಾಡಿನ ನೆಲ ಬೆಂಕಿಯಂತೆ ಕಾಯುತ್ತದೆ. ಕಾದ ನೆಲ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಹಗುರಾಗಿ ಏಳುತ್ತದೆ. ಹಾಗಾಗಿ ಮಹಾರಾಷ್ಟ್ರದ ಒಳಭಾಗದಿಂದ ನಮ್ಮ ಒಳನಾಡಿನ ಮೂಲಕ ತಮಿಳುನಾಡಿನ ಕಡೆಗೆ ಒತ್ತಡ ಕಡಿಮೆ ಇರುವ ಉದ್ದನೆಯ ಪಟ್ಟಿಯೊಂದು ಆಗಾಗ ಏರ್ಪಡುತ್ತದೆ. ಹವಾಮಾನ ವರದಿಯಲ್ಲಿ ‘ಟ್ರಫ್’ ಅಂತ ಕೇಳಿರುತ್ತೀರಿ, ಅದು ಇದೇ. ಈ ಪಟ್ಟಿಗೆ ಎರಡು ಕಡೆಯಿಂದ ಗಾಳಿ ಬರುತ್ತದೆ. ಪಶ್ಚಿಮದಿಂದ ಅರಬ್ಬಿ ಸಮುದ್ರದ ಕಡೆಯ ಗಾಳಿ, ಪೂರ್ವ ಮತ್ತು ಆಗ್ನೇಯದಿಂದ ಬಂಗಾಳ ಕೊಲ್ಲಿಯ ತೇವದ ಗಾಳಿ. ಎರಡೂ ಎದುರಾದ ಕಡೆ ಹೋಗಲು ಜಾಗವಿಲ್ಲದೆ ಮೇಲಕ್ಕೇ ಏಳಬೇಕು. ಚಿತ್ರದುರ್ಗ, ತುಮಕೂರು, ಬಳ್ಳಾರಿ, ಹಾವೇರಿ ಜಿಲ್ಲೆಗಳು ಎಷ್ಟೋ ದಿನ ಈ ಪಟ್ಟಿಯ ಅಡಿಯಲ್ಲೇ ಇರುತ್ತವೆ.

ಮೇಲೇರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗುತ್ತದೆ. ನಿಮ್ಮ ಕಡೆ ಬೇಸಿಗೆಯಲ್ಲಿ ಒಂದೂವರೆ, ಎರಡು ಕಿಲೋಮೀಟರ್ ಏರಿದ ಮೇಲೆ ಅದರಲ್ಲಿರುವ ಆವಿ ಹನಿಯಾಗಲು ಶುರುವಾಗುತ್ತದೆ. ಮೋಡದ ತಳ ಕಾಣುವುದು ಅಲ್ಲೇ. ಮುಂದಿನದ್ದು ಜನಕ್ಕೆ ಜಾಸ್ತಿ ಗೊತ್ತಿಲ್ಲದ ಸಂಗತಿ. ನೀರನ್ನು ಆವಿ ಮಾಡಲು ಎಷ್ಟು ಶಾಖ ಬೇಕಾಗಿತ್ತೋ, ಆವಿ ಮತ್ತೆ ನೀರಾಗುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಒಂದು ಲೀಟರ್ ನೀರಿಗೆ ಸುಮಾರು 0.7 ಯೂನಿಟ್ ಕರೆಂಟಿನಷ್ಟು ಶಕ್ತಿ. ಕಡಿಮೆ ಅನ್ನಿಸಬಹುದು. ಆದರೆ ಒಂದು ಚದರ ಕಿಲೋಮೀಟರ್ ಜಾಗದಲ್ಲಿ 20 ಮಿಲಿಮೀಟರ್ ಮಳೆ ಅಂದರೆ ಎರಡು ಕೋಟಿ ಲೀಟರ್ ನೀರು. ಅಷ್ಟು ನೀರಾಗುವಾಗ 1.4 ಕೋಟಿ ಯೂನಿಟ್ ಶಕ್ತಿ ಬಿಡುಗಡೆಯಾಗಿರುತ್ತದೆ. ಆ ಶಾಖ ಮೋಡದೊಳಗಿನ ಗಾಳಿಯನ್ನು ಇನ್ನೂ ಹಗುರ ಮಾಡಿ ಮೇಲಕ್ಕೆ ನೂಕುತ್ತದೆ. ಹೂಕೋಸಿನ ಹಾಗಿದ್ದ ಮೋಡ ಅರ್ಧ ಮುಕ್ಕಾಲು ಗಂಟೆಯಲ್ಲಿ 12, 15 ಕಿಲೋಮೀಟರ್ ಎತ್ತರಕ್ಕೆ ಬೆಳೆಯುವುದು ಹೀಗೆ. ವಿಮಾನಗಳು ಹಾರುವ ಎತ್ತರಕ್ಕಿಂತಲೂ ಮೇಲೆ ಅದು.

ಈಗ ಗಾಳಿ ಫ್ಯಾನಿನ ವಿಷಯ. ಚಿತ್ರದುರ್ಗದ ಗುಡ್ಡಗಳ ಮೇಲಿನ ಫ್ಯಾನುಗಳ ಬಗ್ಗೆ ಈ ಮಾತನ್ನು ನಾನು ಎಷ್ಟೋ ಊರುಗಳಲ್ಲಿ ಕೇಳಿದ್ದೇನೆ. ಮಳೆ ಕೈಕೊಟ್ಟ ವರ್ಷ ಕಣ್ಣಿಗೆ ಕಾಣುವ ಹೊಸ ವಸ್ತುವಿನ ಮೇಲೆ ಅನುಮಾನ ಬರುವುದು ಸಹಜ. ಆದರೆ ಫ್ಯಾನಿನ ರೆಕ್ಕೆಯ ತುದಿ ಸೇರಿಸಿದರೂ ಎತ್ತರ ಹೆಚ್ಚೆಂದರೆ 150, 200 ಮೀಟರ್. ಮೋಡದ ತಳ ಅದರ ಹತ್ತು ಪಟ್ಟು ಮೇಲೆ, ಮೋಡದ ತಲೆ ಎಪ್ಪತ್ತು ಎಂಬತ್ತು ಪಟ್ಟು ಮೇಲೆ. ಫ್ಯಾನನ್ನು ಗಾಳಿ ತಿರುಗಿಸುತ್ತದೆಯೇ ಹೊರತು ಫ್ಯಾನು ಗಾಳಿಯನ್ನು ಬೀಸುವುದಿಲ್ಲ. ಅದಕ್ಕೆ ಮೋಡ ಓಡಿಸುವ ಶಕ್ತಿಯೂ ಇಲ್ಲ, ತರುವ ಶಕ್ತಿಯೂ ಇಲ್ಲ.

ಮತ್ತೆ ನಿಮ್ಮ ಸಂಜೆಗೆ ಬರೋಣ. ಮೋಡ ಬೆಳೆಯುವಾಗ ಸುತ್ತಲಿನ ಗಾಳಿಯನ್ನು ತನ್ನ ಕಡೆಗೆ ಹೀರಿಕೊಳ್ಳುತ್ತದೆ. ಆಗ ನೆಲದ ಗಾಳಿ ಮೋಡದ ಕಡೆಗೆ ಬೀಸುತ್ತಿರುತ್ತದೆ. ಅದಕ್ಕೇ ನಮ್ಮ ಹಿರಿಯರು ‘ಗಾಳಿಗೆ ಎದುರಾಗಿ ಮೋಡ ಬರ್ತಿದೆ’ ಅಂತ ಅಚ್ಚರಿಪಡುತ್ತಿದ್ದದ್ದು. ಆಮೇಲೆ ಒಳಗಿನ ಹನಿ, ಮಂಜುಗಡ್ಡೆ ತೂಕ ಹೆಚ್ಚಿ ಬೀಳತೊಡಗುತ್ತವೆ. ಮೋಡದ ತಳದಿಂದ ನೆಲದವರೆಗೆ ನಿಮ್ಮ ಕಡೆ ಒಣ ಗಾಳಿ. ಆ ಗಾಳಿಯಲ್ಲಿ ಬೀಳುವ ಹನಿಗಳಲ್ಲಿ ಒಂದಷ್ಟು ಆವಿಯಾಗಿಬಿಡುತ್ತವೆ. ಮಡಕೆಯಿಂದ ನೀರು ಜಿನುಗಿ ಆವಿಯಾದಾಗ ಒಳಗಿನ ನೀರು ತಣ್ಣಗಾಗುತ್ತದೆ ಅಲ್ವಾ? ಇಲ್ಲಿ ತಣ್ಣಗಾಗುವುದು ಗಾಳಿ. ತಣ್ಣನೆ ಗಾಳಿ ಭಾರ. ಅದು ಧಡ್ ಅಂತ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಕೊಡ ಉರುಳಿಸಿದ ನೀರಿನ ಹಾಗೆ ಹರಡುತ್ತದೆ. ಒಳಕ್ಕೆ ಹೋಗುವ ಗಾಳಿ ಮತ್ತು ಹೊರಕ್ಕೆ ಬರುವ ಗಾಳಿ ಎದುರಾಗುವ ಗಡಿಯಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ. ನೀವು ಕಂಡ ಮೌನ ಅದು. ಮರುಕ್ಷಣ ಗಂಟೆಗೆ 60, 80 ಕಿಲೋಮೀಟರ್ ವೇಗದ ತಣ್ಣನೆ ಗಾಳಿ, ಅದರ ಜೊತೆಗೇ ಆಚೆ ಎಲ್ಲೋ ನೆಂದ ಮಣ್ಣಿನ ವಾಸನೆ. ನಾವು ಇಷ್ಟಪಡುವ ಆ ವಾಸನೆ ಮೋಡದ ಗಾಳಿ ನಮ್ಮನ್ನು ತಲುಪಿದೆ ಅನ್ನುವುದಕ್ಕೂ ಗುರುತು.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತು ನಾಲ್ಕು ಪಟ್ಟಾಗುತ್ತದೆ. ಏಲಕ್ಕಿ ಬಾಳೆ ಎತ್ತರದ ಗಿಡ, ಮೇಲೆ ಗೊನೆಯ ಭಾರ, ಕೆಳಗೆ ಆಳಕ್ಕಿಳಿಯದ ಬೇರು. ಅದು ತಡೆಯುವುದು ಕಷ್ಟವೇ. ನಿಮ್ಮ ಆರೈಕೆಯಲ್ಲಿ ಏನೋ ತಪ್ಪಾಯಿತು ಅಂತ ಕೊರಗಬೇಡಿ.

ತಂಗಿಯ ಊರಲ್ಲಿ ಯಾಕೆ ಹನಿ ಬೀಳಲಿಲ್ಲ? ಇಂಥ ಒಂದು ಮೋಡದ ಮಳೆ ಸುರಿಯುವ ಭಾಗ ಅಗಲ ಅಂದರೆ ಐದು, ಹತ್ತು ಕಿಲೋಮೀಟರ್. ಕೆಲವೊಮ್ಮೆ ಅದಕ್ಕಿಂತ ಕಡಿಮೆ. ಒಂದು ಮೋಡದ ಆಯಸ್ಸು ಸುಮಾರು ಒಂದು ಗಂಟೆ. ತಣ್ಣನೆ ಗಾಳಿ ಹರಡಿ ಅದರ ಬುಡದ ಬಿಸಿ ಗಾಳಿಯನ್ನು ಕತ್ತರಿಸಿಹಾಕುತ್ತದೆ, ಮೋಡ ಸಾಯುತ್ತದೆ. ಆದರೆ ಅದೇ ತಣ್ಣನೆ ಗಾಳಿ ಮುಂದೆ ನುಗ್ಗಿ ಅಲ್ಲಿನ ಬಿಸಿ ಗಾಳಿಯನ್ನು ಎತ್ತಿ ಹೊಸ ಮೋಡ ಹುಟ್ಟಿಸಬಹುದು. ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಮಳೆ ಹಾರುವುದು ಹೀಗೆ.

ಮುನ್ಸೂಚನೆಯ ಮಿತಿಯೂ ಇಲ್ಲೇ ಇದೆ. ಒಲೆ ಮೇಲೆ ಎಸರು ಇಟ್ಟಾಗ ಅದು ಕುದಿಯುತ್ತೆ ಅಂತ ನಿಮಗೆ ಗೊತ್ತು. ಮೊದಲ ಗುಳ್ಳೆ ಪಾತ್ರೆಯ ಯಾವ ಮೂಲೆಯಲ್ಲಿ ಏಳುತ್ತೆ ಅಂತ ಹೇಳಲಾಗುವುದಿಲ್ಲ. ಬೆಳಗ್ಗೆ ನಮಗೆ ಕಾಣುವುದು ಎಸರು ಮಾತ್ರ. ‘ಒಂದೆರಡು ಕಡೆ’ ಅನ್ನುವುದು ಸುಮ್ನೆ ಹೇಳುವ ಮಾತಲ್ಲ, ಅದಕ್ಕೆ ಅಳತೆಯಿದೆ. ಆ ಭಾಗದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25 ಅಥವಾ ಕಡಿಮೆ ಕಡೆ ಮಳೆ ಆಗಬಹುದು ಅಂತ ಅದರ ಅರ್ಥ. ಮಳೆ ಎಷ್ಟು ಜೋರು ಅನ್ನುವುದಕ್ಕೂ ಆ ಮಾತಿಗೂ ಸಂಬಂಧವಿಲ್ಲ. ಜನ ಅದನ್ನು ‘ಸಣ್ಣ ಮಳೆ’ ಅಂತ ಅರ್ಥ ಮಾಡಿಕೊಳ್ಳುತ್ತಾರೆ. ಈ ತಪ್ಪು ತಿಳಿವಳಿಕೆಯಿಂದ ಆಗುವ ನಷ್ಟ ನನಗೆ ತುಂಬಾ ನೋವು ಕೊಡುತ್ತದೆ. ಏಪ್ರಿಲ್, ಮೇಯಲ್ಲಿ ‘ಒಂದೆರಡು ಕಡೆ ಗುಡುಗು ಮಳೆ, ಬಿರುಗಾಳಿ’ ಅಂದರೆ ಆ ಒಂದೆರಡು ಕಡೆ ನಿಮ್ಮ ಹೊಲವೂ ಇರಬಹುದು ಅಂತಲೇ ತಿಳಿಯಿರಿ.

ಮಧ್ಯಾಹ್ನದ ಮೇಲೆ ಚಿತ್ರ ಸ್ಪಷ್ಟವಾಗುತ್ತದೆ. ಹವಾಮಾನ ಇಲಾಖೆ ದಿನವಿಡೀ ಮುಂದಿನ ಮೂರು ಗಂಟೆಯ ಮುನ್ನೆಚ್ಚರಿಕೆಯನ್ನು ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಅನ್ನುವ ಆ್ಯಪ್ ಮಾಡಿದೆ, ‘ವರುಣಮಿತ್ರ’ ಸಹಾಯವಾಣಿಯನ್ನೂ ನಡೆಸುತ್ತದೆ. ಮಗನ ಫೋನಿನಲ್ಲಿ ದಾಮಿನಿ ಹಾಕಿಸಿ. ಆದರೆ ಅದೊಂದನ್ನೇ ನಂಬಿ ಕೂರುವುದು ಬೇಡ. ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಅದು ಮಾತಾಡುವುದಿಲ್ಲ. ತಲೆ ಮೇಲೆಯೇ ಹುಟ್ಟಿದ ಮೋಡದ ಮೊದಲ ಸಿಡಿಲಿಗೆ ಯಾವ ಆ್ಯಪ್ ಎಚ್ಚರಿಕೆಯೂ ಸಮಯಕ್ಕೆ ಸಿಗದೇ ಹೋಗಬಹುದು.

ಸಿಡಿಲಿನ ವಿಷಯವನ್ನು ಇನ್ನೂ ಗಂಭೀರವಾಗಿ ಹೇಳಬೇಕು. 2022ರಲ್ಲಿ ನಮ್ಮ ದೇಶದಲ್ಲಿ 2,887 ಜನ ಸಿಡಿಲಿಗೆ ಸತ್ತರು ಅನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕ. ಇವರಲ್ಲಿ ಬಹಳಷ್ಟು ಮಂದಿ ಹೊಲದಲ್ಲಿದ್ದವರು, ದನ ಕುರಿ ಕಾಯುತ್ತಿದ್ದವರು, ಮರದ ಕೆಳಗೆ ನಿಂತವರು.

ಮೋಡದೊಳಗೆ ಐದಾರು ಕಿಲೋಮೀಟರಿಗಿಂತ ಮೇಲೆ ಮಂಜಿನ ಹರಳುಗಳೂ ಮೆತ್ತನೆಯ ಆಲಿಕಲ್ಲಿನ ಉಂಡೆಗಳೂ ಒಂದಕ್ಕೊಂದು ತಾಕುತ್ತವೆ. ಹಗುರ ಹರಳು ಧನ ವಿದ್ಯುತ್ ಹೊತ್ತು ಮೇಲೇರುತ್ತದೆ, ಭಾರದ ಉಂಡೆ ಋಣ ವಿದ್ಯುತ್ ಹೊತ್ತು ನಡುವೆ ಉಳಿಯುತ್ತದೆ. ವ್ಯತ್ಯಾಸ ತಡೆಯಲಾರದಷ್ಟಾದಾಗ ಕಿಡಿ ಹಾರುತ್ತದೆ. ಆ ಕಿಡಿಯ ಕಾವು ಸುಮಾರು 30,000 ಡಿಗ್ರಿ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ಅದು ಮಳೆಯಿಂದ ಹತ್ತು ಕಿಲೋಮೀಟರ್ ಆಚೆಗೂ ಬೀಳಬಲ್ಲದು. ‘ಇನ್ನೂ ಮಳೆ ಬಂದಿಲ್ಲವಲ್ಲ’ ಅನ್ನುವ ಮಾತು ಅದಕ್ಕೇ ಅಪಾಯ.

ಆ ಹಸುಗಳು ಸತ್ತದ್ದು ನೇರ ಸಿಡಿಲು ಬಡಿದೇ ಆಗಿರಬೇಕೆಂದಿಲ್ಲ. ಸಿಡಿಲು ಮರಕ್ಕೆ ಬಡಿಯಿತು, ಬೇರಿನ ಮೂಲಕ ನೆಲದಲ್ಲಿ ಹರಡಿತು. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ದೂರ ಜಾಸ್ತಿ. ಒಂದು ಕಾಲಿನಿಂದ ಹತ್ತಿದ ವಿದ್ಯುತ್ ಎದೆಯನ್ನು ದಾಟಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಸಿಡಿಲಿನ ಸಾವುಗಳಲ್ಲಿ ದೊಡ್ಡ ಪಾಲು ಹೀಗೆ ನೆಲದಲ್ಲಿ ಹರಿದ ವಿದ್ಯುತ್ತಿನಿಂದ ಆಗುವಂಥದ್ದು. ಮೋಡ ಬಂದರೆ ದನಗಳನ್ನು ಮರಕ್ಕೆ, ತಂತಿ ಬೇಲಿಗೆ ಕಟ್ಟಬೇಡಿ. ಕೊಟ್ಟಿಗೆಗೆ ತರಲು ಹೊತ್ತಿಲ್ಲ ಅಂದರೆ ಹಗ್ಗ ಬಿಚ್ಚಿಬಿಡಿ. ನಿಮ್ಮ ಪಕ್ಕದವರಿಗೂ ಒಂದು ಮಾತು ತಿಳಿಸಿ: ಹಸು ಸತ್ತರೆ ಪಶುವೈದ್ಯರ ಮರಣೋತ್ತರ ಪರೀಕ್ಷೆಗೆ ಮೊದಲು ಹೂಳಬಾರದು. ಫೋಟೋ, ವೈದ್ಯರ ವರದಿ, ಗ್ರಾಮ ಆಡಳಿತ ಅಧಿಕಾರಿಯ ಮಹಜರು ಇದ್ದರೆ ಪರಿಹಾರ ಕೇಳಲು ದಾರಿ ಇರುತ್ತದೆ. ಬೆಳೆ ವಿಮೆ ಇದ್ದವರು ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಎಷ್ಟೋ ಜನ ದುಃಖದಲ್ಲಿ ಈ ಹೊತ್ತು ಮೀರಿಸಿಕೊಳ್ಳುತ್ತಾರೆ.

ಮೊಬೈಲು ಸಿಡಿಲನ್ನು ಎಳೆಯುವುದಿಲ್ಲ. ಆದರೆ ಚಾರ್ಜಿಗೆ ಹಾಕಿದ ಮೊಬೈಲನ್ನು ಗುಡುಗುವಾಗ ಹಿಡಿಯಬೇಡಿ. ಲೈನಿನ ಮೇಲೆ ಸಿಡಿಲು ಬಿದ್ದರೆ ಅದು ತಂತಿಯಲ್ಲೇ ಮನೆಯೊಳಗೆ ಬರುತ್ತದೆ. ರಬ್ಬರ್ ಚಪ್ಪಲಿ ಕಾಪಾಡುವುದಿಲ್ಲ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದಕ್ಕೆ ಒಂದಂಗುಲ ರಬ್ಬರ್ ಏನು ಮಾಡೀತು? ಒಮ್ಮೆ ಬಿದ್ದ ಜಾಗಕ್ಕೆ ಮತ್ತೆ ಬೀಳಲ್ಲ ಅನ್ನುವುದೂ ಸುಳ್ಳು. ಸಿಡಿಲು ಬಡಿದವರನ್ನು ಮುಟ್ಟಬಾರದು ಅನ್ನುವ ನಂಬಿಕೆಯಂತೂ ಜೀವ ತೆಗೆಯುತ್ತದೆ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಕ್ಷಣ ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಜೋರಾಗಿ ಒತ್ತುತ್ತಾ ಇರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸಿಡಿಲಿನಿಂದ ನಿಂತ ಹೃದಯ ಹೀಗೆ ಮತ್ತೆ ಶುರುವಾಗುವ ಸಾಧ್ಯತೆ ಇರುತ್ತದೆ.

ನಿಮ್ಮ ಅತ್ತೆಯವರ ಕುಡುಗೋಲಿನ ಬಗ್ಗೆ ಗೌರವದಿಂದಲೇ ಹೇಳುತ್ತೇನೆ. ಮನೆಯವರಿಗೆ ಏನೂ ಆಗದಿರಲಿ ಅನ್ನುವ ಪ್ರೀತಿ ಅದರಲ್ಲಿದೆ. ನಮ್ಮ ಮನೆಯಲ್ಲೂ ಗುಡುಗಿದರೆ ಅಜ್ಜಿ ಅರ್ಜುನನ ಹೆಸರುಗಳನ್ನು ಹೇಳಿಸುತ್ತಿದ್ದರು. ಅಂಗಳದ ಕುಡುಗೋಲು ಸಿಡಿಲನ್ನು ತಡೆಯುವುದೂ ಇಲ್ಲ, ಕರೆಯುವುದೂ ಇಲ್ಲ. ಅದನ್ನು ಎಸೆಯಲು ಅವರು ಬಾಗಿಲಿಂದಾಚೆ ಬರುತ್ತಾರಲ್ಲ, ಅಪಾಯ ಅಲ್ಲಿದೆ. ಒಣಗಲು ಹಾಕಿದ ಹುಣಸೆಹಣ್ಣು ತರಲು, ಟಾರ್ಪಾಲು ಹೊದಿಸಲು ಓಡುವುದೂ ಅಷ್ಟೇ ಅಪಾಯ. ಅತ್ತೆಯವರಿಗೆ ಅರ್ಜುನನ ಹೆಸರು ಒಳಗೇ ಕೂತು ಹೇಳಲು ಹೇಳಿ.

ಈಗ ನಿಮ್ಮ ಮಗ. ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಇದೇ ಸಾಲು. ಗುಡುಗು ಕೇಳಿದ ಮೇಲೆ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಲೇಬಾರದು. ಅದು ಲೈನಿಗೆ ಸೇರಿದ ಕಬ್ಬಿಣ, ಅವನ ಕಾಲ ಕೆಳಗೆ ನೆಂದ ನೆಲ. ಮೋಟರ್ ಸುಟ್ಟರೆ ಮತ್ತೆ ಕಟ್ಟಿಸಬಹುದು. ಬೇಸಿಗೆಯಲ್ಲಿ ಮಧ್ಯಾಹ್ನ ಮೋಡ ಹೂಕೋಸಿನಂತೆ ಏಳುತ್ತಿದೆ ಅನ್ನಿಸಿದರೆ ಆಗಲೇ, ಗುಡುಗುವ ಮೊದಲೇ, ಆಫ್ ಮಾಡಿ ಬರಲಿ. ಮಿಂಚಿದ ಮೇಲೆ ಗುಡುಗು ಕೇಳಲು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. 30 ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ನಿಮ್ಮ ಮೇಲೂ ಬೀಳಬಹುದು. ಎಣಿಸುವ ಗೊಡವೆಯೇ ಬೇಡ ಅಂದರೆ, ಗುಡುಗು ಕೇಳಿತೋ ಮನೆಗೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರುವುದು ಬೇಡ.

ಪಂಪ್‌ಹೌಸ್‌ನ ತಗಡಿನ ಚಪ್ಪರ, ಕಾವಲು ಗುಡಿಸಲು ಇವು ಆಸರೆಯಲ್ಲ. ಗೋಡೆ, ವೈರಿಂಗ್ ಇರುವ ಪಕ್ಕಾ ಮನೆ ಆಸರೆ. ಗಾಜು ಮುಚ್ಚಿದ ಕಾರು, ಬಸ್ಸು ಕೂಡ. ತೆರೆದ ಟ್ರ್ಯಾಕ್ಟರ್ ಅಲ್ಲ. ಏನೂ ಸಿಗದಿದ್ದರೆ ಒಂಟಿ ಮರದಿಂದ ದೂರ ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು. ಗುಂಪಿದ್ದರೆ ದೂರ ದೂರ ಇರಬೇಕು. ಇದು ಬೇರೆ ದಾರಿಯೇ ಇಲ್ಲದಾಗಿನ ಮಾತು. ಇದರಿಂದ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವುದಿಲ್ಲ.

ಸಿಡಿಲು ಕಂಬ ಮನೆಗೆ ಒಳ್ಳೆಯದು, ಅರ್ಥಿಂಗ್ ಸರಿಯಾಗಿದ್ದರೆ ಮಾತ್ರ. ಅರ್ಥಿಂಗ್ ಕೆಟ್ಟ ಕಂಬ ಇದ್ದರೆ ಅಪಾಯವೇ ಜಾಸ್ತಿ. ಕಂಬ ಕಾಪಾಡುವುದು ತಾನಿರುವ ಕಟ್ಟಡವನ್ನು, ಹತ್ತಿರದ ಕೆಲವು ಅಡಿಗಳನ್ನು. ಎರಡೆಕರೆ ತೋಟಕ್ಕೆ ಒಂದು ಕಂಬ ನೆಟ್ಟರೆ ಅಲ್ಲಿ ದುಡಿಯುವವರಿಗೆ ಅದು ಆಸರೆಯಾಗುವುದಿಲ್ಲ. ಸುತ್ತಲಿನ ನೂರು ಮೀಟರಿಗೆ ಒಂದೇ ಯಂತ್ರ ಸಾಕು ಅಂತ ಮಾರುವವರು ಬರುತ್ತಾರೆ. ಆ ಮಾತಿಗೆ ಗಟ್ಟಿ ಆಧಾರವಿಲ್ಲ. ಆ ದುಡ್ಡನ್ನು ಬೇರೆ ಕಡೆ ಹಾಕಿ.

ಆಲಿಕಲ್ಲಿನ ಬಗ್ಗೆ ನೀವು ಕೇಳಿಲ್ಲ, ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬಿತ್ತು ಅಂದರೆ ಮೋಡದೊಳಗೆ ಅದನ್ನು ಎತ್ತಿಹಿಡಿದ ಗಾಳಿ ಗಂಟೆಗೆ 100 ಕಿಲೋಮೀಟರ್ ಆಸುಪಾಸಿನ ವೇಗದಲ್ಲಿತ್ತು ಅಂತ ಅರ್ಥ. 2014ರ ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಮಹಾರಾಷ್ಟ್ರ ಮತ್ತು ನಮ್ಮ ಉತ್ತರದ ಜಿಲ್ಲೆಗಳ ಬೆಳೆಯನ್ನು ದಿನಗಟ್ಟಲೆ ಹೊಡೆದುಹಾಕಿದ್ದು ಇಂಥದೇ ಮೋಡಗಳು. ಅದಕ್ಕೆ ತೆರೆದ ತೋಟದಲ್ಲಿ ಬಲೆ ಬಿಟ್ಟರೆ ಬೇರೆ ತಡೆ ಇಲ್ಲ. ಎರಡೆಕರೆ ಬಾಳೆಗೆ ಬಲೆಯ ಖರ್ಚು ಹೊಂದುವುದು ಕಷ್ಟ.

‘ಈಚೆಗೆ ಇದು ಜಾಸ್ತಿಯಾಗಿದೆಯಾ’ ಅಂತ ಎಲ್ಲರೂ ಕೇಳುತ್ತಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಸುಮಾರು ಏಳರಷ್ಟು ಹೆಚ್ಚು ಆವಿಯನ್ನು ಹಿಡಿಯಬಲ್ಲದು. ಮೋಡದ ಇಂಧನವೇ ಆವಿ. ಹಾಗಾಗಿ ಬಿಸಿಯಾಗುತ್ತಿರುವ ಕಾಲದಲ್ಲಿ ಬಂದ ಮಳೆ ಜೋರಾಗಿ ಬರುವುದಕ್ಕೆ ಕಾರಣವಿದೆ. ಆದರೆ ನಿಮ್ಮ ಊರಿನ ಒಂದು ಸಂಜೆಯನ್ನು ನೇರವಾಗಿ ಅದರ ತಲೆಗೆ ಕಟ್ಟುವುದು ಸರಿಯಲ್ಲ. ಏಪ್ರಿಲ್‌ನ ಬಿರುಗಾಳಿ ನಮ್ಮ ಹಿರಿಯರಿಗೂ ಗೊತ್ತಿತ್ತು. ‘ಭರಣಿ ಮಳೆ ಧರಣಿ ಬೆಳೆ’ ಅಂದವರೇ ‘ಅಶ್ವಿನಿ ಸಸ್ಯನಾಶಿನಿ’ ಅಂತಲೂ ಅಂದಿದ್ದಾರೆ.

ಇನ್ನು ಬಾಳೆ. ಮೋಡ ಕಂಡ ಮೇಲೆ ನಿಮಗೆ ಸಿಗುವ ಕಾಲು ಗಂಟೆ, ಅರ್ಧ ಗಂಟೆ ಜನರಿಗೆ ಸಾಕು, ತೋಟಕ್ಕೆ ಸಾಲದು. ತೋಟದ ಕೆಲಸ ಮಾರ್ಚ್ ಒಳಗೇ ಮುಗಿಯಬೇಕು. ಗೊನೆ ಬಿಟ್ಟ ಗಿಡಕ್ಕೆ ಗಳದ ಆಸರೆ ಕೊಡಿ, ಇಲ್ಲವೇ ಗಿಡದಿಂದ ಗಿಡಕ್ಕೆ ಹಗ್ಗ ಕಟ್ಟಿ, ಬುಡಕ್ಕೆ ಮಣ್ಣು ಏರಿಸಿ. ಇದು 40, 50 ಕಿಲೋಮೀಟರ್ ಗಾಳಿಗೆ ನಿಲ್ಲುತ್ತದೆ. ಆ ಸಂಜೆಯಂಥ ಗಾಳಿಗೆ ಎಲ್ಲ ಗಿಡವೂ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಗಿಡ್ಡ ತಳಿ ಹಾಕಿದರೆ ಬೀಳುವುದು ಕಡಿಮೆ, ಆದರೆ ಏಲಕ್ಕಿ ಬಾಳೆಯ ಬೆಲೆ ಸಿಗಲಿಕ್ಕಿಲ್ಲ. ನಾಟಿಯ ತಿಂಗಳು ಬದಲಿಸಿ, ಏಪ್ರಿಲ್‌ನಲ್ಲಿ ಗೊನೆ ತಲೆ ಮೇಲೆ ಇರದ ಹಾಗೆ ನೋಡಿಕೊಳ್ಳುವುದು ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಇದನ್ನು ನಿಮ್ಮ ತೋಟಗಾರಿಕೆ ಇಲಾಖೆಯವರ ಜೊತೆ ಕೂತು ಲೆಕ್ಕ ಹಾಕಿ.

ಅಂಚಿನಲ್ಲಿ ಗಾಳಿತಡೆಗೆ ಸಿಲ್ವರ್ ಓಕ್, ಸರ್ವೆ ಸಾಲು ನೆಡಬಹುದು. ಸಾಲು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಗಾಳಿಯನ್ನು ತಗ್ಗಿಸುತ್ತದೆ. ಆದರೆ ಅಂಚಿನ ಒಂದೆರಡು ಸಾಲು ಬಾಳೆಗೆ ನೆರಳು ಬೀಳುತ್ತದೆ, ನೀರೂ ಹಂಚಿಹೋಗುತ್ತದೆ. ಯಾವ ಅಂಚಿಗೆ ನೆಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ, ಯಾಕೆಂದರೆ ಮೋಡದ ಗಾಳಿ ವರ್ಷವೂ ಒಂದೇ ಕಡೆಯಿಂದ ಬರಬೇಕೆಂದಿಲ್ಲ. ಗಿಡಗಳು ಒಂದೇ ದಿಕ್ಕಿಗೆ ಬಿದ್ದವು ಅಂದಿರಿ, ಯಾವ ದಿಕ್ಕು ಅಂತ ಬರೆದಿಲ್ಲ. ಹಳೆಯ ಬಿರುಗಾಳಿಗಳಲ್ಲಿ ಊರಿನ ಮರಗಳು ಎತ್ತ ಬಿದ್ದವು ಅಂತ ಹಿರಿಯರನ್ನು ಕೇಳಿ. ಈ ಬೇಸಿಗೆಯ ಪ್ರತಿ ಗುಡುಗು ಮಳೆಗೂ ತಾರೀಖು, ಹೊತ್ತು, ತಣ್ಣನೆ ಗಾಳಿ ಬಂದ ದಿಕ್ಕು ಇಷ್ಟನ್ನು ಮಗ ಮನೆಯೊಳಗಿಂದಲೇ ನೋಡಿ ಕ್ಯಾಲೆಂಡರ್ ಮೇಲೆ ಬರೆದಿಡಲಿ. ಜೂನ್ ಮೊದಲ ವಾರ ನನಗೆ ಕಳಿಸಿ. ಸಾಲು ಎತ್ತ ನೆಡಬೇಕು ಅಂತ ಆಗ ಹೇಳುತ್ತೇನೆ.